ನೀರಿನ ಟ್ಯಾಂಕಿನವರೆಗೆ ಯಾರೂ ಮಾತಾಡಬಾರದು

ಬೆಳಿಗ್ಗೆ ನಮ್ಮ ಪಿಕಪ್ ಮನೆಯಿಂದ ಹೊರಟರೆ ನೀರಿನ ಟ್ಯಾಂಕ್ ಬರುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಇದು ಮಾವನ ಕಾನೂನು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಹಿರಿಯರು ಸುಮ್ಮನೆ ಕೂತಿದ್ದಾರಲ್ಲ, ಏನಾದರೂ ಮಾತಾಡಿಸೋಣ ಅಂತ "ಇವತ್ತು ಮೋಡ ಆಗಿದೆ ಅಲ್ವಾ ಮಾವ" ಅಂದಿದ್ದೆ. ಅವರು ಗಾಡಿಯನ್ನು ತಿರುಗಿಸಿ ಮನೆಬಾಗಿಲಿಗೆ ತಂದು ನಿಲ್ಲಿಸಿ, ಮತ್ತೆ ಮೊದಲಿನಿಂದ ಹೊರಟರು. ಇಂಥವರ ಜೊತೆ ಏಗುವುದು ಹೇಗಪ್ಪಾ ಎಂದು ನನಗೆ ಅಳುವೇ ಬಂದಿತ್ತು.

ಆ ಮೌನ ಗಾಡಿಯ ಸದ್ದು ಕೇಳುವುದಕ್ಕೆ. ನಮ್ಮದು ಗಾಜಿನ ಕೆಲಸ. ನಮ್ಮ ಯಜಮಾನರು ಅಂಗಡಿಯಲ್ಲಿ ಗಾಜು ಕತ್ತರಿಸುತ್ತಾರೆ, ನಾನು ಕಿಟಕಿ ಬಾಗಿಲುಗಳ ಅಳತೆ ತೆಗೆದು ಗಾಜು ಕೂರಿಸುತ್ತೇನೆ, ಮಾವ ಸಾಗಿಸುತ್ತಾರೆ. ಪಿಕಪ್ಪಿನ ಹಿಂಭಾಗದಲ್ಲಿ ಮರದ ಚೌಕಟ್ಟಿಗೆ ಆಳೆತ್ತರದ ಹಾಳೆಗಳನ್ನು ಒರಗಿಸಿ, ನಡುವೆ ಹಳೆಯ ಕಂಬಳಿ ತುರುಕಿ, ಹಗ್ಗ ಬಿಗಿದು ಹೊರಡುವುದು. ಗಾಡಿ ಒಂದು ಚೂರು ಅದುರಿದರೂ ಗಾಜು ಸುಮ್ಮನಿರುವುದಿಲ್ಲ. ಆದ್ದರಿಂದ ಮಾವನಿಗೆ ಆ ಗಾಡಿಯ ಒಂದೊಂದು ನರವೂ ಗೊತ್ತು. ಗೇರು ಬದಲಿಸುವಾಗ ಹೊಟ್ಟೆಯ ಕೆಳಗೆ ಠಣ್ ಅಂದರೆ ಶಾಫ್ಟಿನ ಜಾಯಿಂಟಿಗೆ ಗ್ರೀಸ್ ಇಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಕಿರ್ರ್ ಅಂದರೆ ಬೆಲ್ಟ್ ಸಡಿಲ. ಹಳ್ಳ ಹಾರಿದಾಗ ಹಿಂದೆ ಕಟಕಟ ಅಂದರೆ ಕಮಾನು ಪಟ್ಟಿಯಲ್ಲಿ ಬಿರುಕು. ಇಷ್ಟೇ ಅಲ್ಲ, ಹಿಂದೆ ಕಟ್ಟಿದ ಗಾಜುಗಳಲ್ಲಿ ಯಾವ ಹಾಳೆಯ ಹಗ್ಗ ಸಡಿಲವಾಗಿದೆ ಅಂತ ಡ್ರೈವರ್ ಸೀಟಿನಲ್ಲಿ ಕೂತೇ ಹೇಳುತ್ತಿದ್ದರು. ಪೇಟೆಯಲ್ಲಿ ಅವರಿಗೆ 'ಕಿವಿ ಯಜಮಾನ್ರು' ಅಂತಲೇ ಹೆಸರು.

ಟ್ಯಾಂಕಿನ ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಏನು ಕೇಳಿಸ್ತು? ಹೇಳು" ಅನ್ನುತ್ತಿದ್ದರು. ನಾನು ತಪ್ಪು ಹೇಳಿದರೆ ಅಂಗಡಿ ಮುಟ್ಟುವವರೆಗೆ ತಮಾಷೆ. ಒಮ್ಮೆ ನಾನು ಬೇರಿಂಗ್ ಅಂದದ್ದು ನನ್ನದೇ ಊಟದ ಡಬ್ಬಿಯ ಮುಚ್ಚಳವಾಗಿತ್ತು. ಅದನ್ನು ಅವರು ನೆಂಟರಿಷ್ಟರಿಗೆಲ್ಲ ಹೇಳಿ ನಗಿಸಿದರು. ಹಠಕ್ಕೆ ಬಿದ್ದು ಕಲಿತೆ. ಮೊದಲ ಸಲ ನಾನು ಸರಿಯಾಗಿ ಹೇಳಿದ ದಿನ ಮಾವ ಹೊಗಳಲಿಲ್ಲ, ಆದರೆ ಮನೆಗೆ ಬಂದು ಅತ್ತೆಗೆ, "ಇವಳಿಗೆ ನನ್ನ ಕಿವಿ ಬಂದಿದೆ ಕಣೇ" ಅಂದರಂತೆ.

ಆಮೇಲೆ, ಯಾವಾಗಿನಿಂದಲೋ, ಅವರು ಕೇಳುವುದನ್ನೇ ಬಿಟ್ಟರು. ನಾನು ಅದನ್ನು ಗಮನಿಸಿದ್ದು ಬ್ರೇಕ್ ಕೂಗಲು ಶುರುವಾದ ಮೇಲೆ.

ಮುಂದಿನ ಚಕ್ರದಿಂದ ಸಣ್ಣಗೆ, ಸೂಜಿಯಿಂದ ಚುಚ್ಚಿದ ಹಾಗೆ, ಕೀಂಯ್ ಅನ್ನುವ ಸದ್ದು. ಬ್ರೇಕಿನ ಪ್ಯಾಡ್ ಸವೆದಾಗ ಅದರಲ್ಲಿರುವ ತಗಡಿನ ಚಿಕ್ಕ ನಾಲಗೆ ಡಿಸ್ಕಿಗೆ ತಾಗಿ ಕೂಗುತ್ತದೆ, ಅದು ಎಚ್ಚರಿಕೆ ಕೊಡಲಿ ಅಂತಲೇ ಇಟ್ಟದ್ದು, ಎಂದು ಕಲಿಸಿದವರೇ ಮಾವ. ಆ ದಿನ ಟ್ಯಾಂಕ್ ಬಂತು. ಮಾವ ಸ್ಟಿಯರಿಂಗ್ ತಟ್ಟಿ, "ಗಾಡಿ ಈಚೆಗೆ ಹೂವಿನ ಹಾಗೆ ಓಡ್ತಿದೆ" ಅಂದರು.

"ಮಾವ, ಬ್ರೇಕ್ ಕೂಗ್ತಿದೆ."

"ಅದು ಮುಂದೆ ಹೋದ ಬಸ್ಸಿಂದು."

ಮಾರನೆಯ ದಿನ ಮುಂದೆ ಬಸ್ಸೂ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಮತ್ತೆ ಹೇಳಿದೆ. ಹೂಂ ಅನ್ನುವ ಹಾಗೆ ತಲೆಯಾಡಿಸಿದರು, ಅಷ್ಟೇ. ನೋಡಿಸುತ್ತಾರೆ ಅಂದುಕೊಂಡೆ. ನೋಡಿಸಲಿಲ್ಲ. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ಮಗ ಕರೆದರೆ ಓ ಅನ್ನುತ್ತಾರೆ, ಸೊಸೆ ಬಡಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹೆಂಗಸಿನ ಮಾತು ಅಂದರೆ ಅಷ್ಟು ಸಸಾರವೇ ಎಂದು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಅತ್ತೆ, "ನಾನು ಕರೆದರೂ ಈಗ ಹಾಗೇ. ಮದುವೆಯಾದಾಗಿನಿಂದ ನನ್ನ ಮಾತು ಕೇಳಿಸಿಕೊಂಡವರಾ? ಅದರಲ್ಲಿ ಹೊಸದೇನಿದೆ!" ಅಂತ ನಕ್ಕರು. ಯಜಮಾನರಿಗೆ ಹೇಳಿದರೆ ಅವರದ್ದು ಇನ್ನೊಂದು ರಾಗ.

"ಅಪ್ಪ ಸರಿ ಇದೆ ಅಂದ್ರಾ?"

"ಹೂವಿನ ಹಾಗಿದೆ ಅಂದ್ರು."

"ಮತ್ತೆ? ಅಪ್ಪನ ಕಿವಿಗಿಂತ ನಿನ್ನ ಕಿವಿ ದೊಡ್ಡದಾ?"

ನಮ್ಮ ಮನೆಯ ರೋಗವೇ ಇದು. ಎಲ್ಲರಿಗೂ ಕಿವಿ ಇದೆ, ಆದರೆ ಮಾವ ಕೇಳಿಸಿತು ಅನ್ನುವವರೆಗೆ ಯಾರಿಗೂ ಏನೂ ಕೇಳಿಸುವುದಿಲ್ಲ. ಬ್ರೇಕ್ ಕೂಗುತ್ತಲೇ ಇತ್ತು. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಮಾವ, ಎಲ್ಲರೂ ಗಾಡಿಯ ಹೊಳಪು ನೋಡುತ್ತಿದ್ದಾರೆ ಎಂಬಂತೆ ಬೀಗುತ್ತಿದ್ದರು.

ಆ ದಿನ ಗುಡ್ಡದ ಕೆಳಗಿನ ಹೊಸ ಕಟ್ಟಡವೊಂದಕ್ಕೆ ಗಾಜು ಒಯ್ಯುತ್ತಿದ್ದೆವು. ಇಳಿಜಾರಿನ ರಸ್ತೆ, ಹಿಂದೆ ಪೂರ್ತಿ ಹೇರು. ಅರ್ಧ ಇಳಿದಿದ್ದೆವು, ಬ್ರೇಕಿನ ಕೂಗು ನಿಂತಿತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅಡಿಯಿಂದ ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ಅರೆಯುವ ಸದ್ದು ಬಂತು. ಅದು ಮಾವನಿಗೂ ಕೇಳಿಸಿತು. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಬ್ರೇಕ್ ಒತ್ತಿದರು, ಗಾಡಿ ಒಂದು ಪಕ್ಕಕ್ಕೆ ಎಳೆಯಿತು. ಮತ್ತೆ ಒತ್ತಿದರು, ಪೆಡಲ್ ನೆಲಕ್ಕೇ ಹೋಯಿತು. ಕೆಳಗೆ, ರಸ್ತೆಯ ಕೊನೆಯಲ್ಲಿ, ಹೆಂಗಸರಿಬ್ಬರು ನಮಗೆ ಬೆನ್ನು ಹಾಕಿ ಇಟ್ಟಿಗೆ ಜೋಡಿಸುತ್ತಿದ್ದರು. ಕೂಗಿದೆನೋ ಇಲ್ಲವೋ ನೆನಪಿಲ್ಲ.

ಮಾವ ಗೇರು ಇಳಿಸಿದರು, ಇನ್ನೂ ಇಳಿಸಿದರು, ಹ್ಯಾಂಡ್ ಬ್ರೇಕ್ ಎಳೆದು ಚಕ್ರವನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ಉಜ್ಜಿಸಿಕೊಂಡೇ ಹೋದರು. ಗಾಡಿ ನರಳಿ, ಓಲಾಡಿ, ನಿಂತಿತು. ಹೆಂಗಸರು ತಿರುಗಿ ನೋಡಿದರು. ಅದೇ ಹೊತ್ತಿಗೆ ಹಿಂದೆ ಗಾಜು ಒಡೆಯಿತು. ಮೊದಲು ಒಂದು ಹಾಳೆ, ಅದರ ಮೇಲೆ ಇನ್ನೊಂದು.

ಮಾವ ತಿರುಗಿ ನೋಡಲಿಲ್ಲ. ಹಣೆಯ ಬೆವರು ಒರೆಸಿಕೊಂಡು, "ಸದ್ಯ, ಗಾಜು ಉಳೀತು" ಅಂದರು.

ಹಿಂದೆ ಚೂರುಗಳು ಇನ್ನೂ ಬೀಳುತ್ತಲೇ ಇದ್ದವು. ಬಸ್ಸು, ತಲೆಯಾಡಿಸಿದ್ದು, ಅತ್ತೆಯ ನಗು, ಎಲ್ಲ ಒಟ್ಟಿಗೇ ಅರ್ಥವಾಯಿತು. ಮಗ ಕೆಲಸ ವಹಿಸಿಕೊಳ್ಳುವವರೆಗೆ ಎಷ್ಟೋ ವರ್ಷ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜುವ ಯಂತ್ರದ ಮುಂದೆ ನಿಂತ ಕಿವಿ ಅದು. ದಪ್ಪ ಸದ್ದು ಕೇಳುತ್ತಿತ್ತು, ಮಗನ ದನಿ ಕೇಳುತ್ತಿತ್ತು. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಬಿಟ್ಟುಹೋಗಿದ್ದವು, ನನ್ನ ಮತ್ತು ಅತ್ತೆಯ ತೆಳು ದನಿಯೂ ಸೇರಿ. ನಾನು ಹಿಂದಕ್ಕೆ ಕೈ ತೋರಿಸಿದೆ. ಅವರು ಇಳಿದು ಹೋದರು. ತುಂಬ ಹೊತ್ತು ಬರಲಿಲ್ಲ.

ಮೆಕ್ಯಾನಿಕ್ ಅಲ್ಲಿಗೇ ಬಂದು ಚಕ್ರ ಬಿಚ್ಚಿದ. ಪ್ಯಾಡಿನಲ್ಲಿ ಬರೀ ಕಬ್ಬಿಣ ಉಳಿದಿತ್ತು, ಡಿಸ್ಕ್ ಉತ್ತ ನೆಲದ ಹಾಗಾಗಿತ್ತು.

"ಯಜಮಾನ್ರೇ, ಇದಕ್ಕೆ ಬಡಕೊಂಡು ಬಡಕೊಂಡು ಸಾಕಾಗಿದೆ. ನೀವು ಹೀಗೆ ಬಿಡೋದಾ? ಬೇರೆ ಯಾರೋ ಆಗಿದ್ರೆ ಬೈತಿದ್ದೆ."

ಮಾವ ಸೊಟ್ಟಗಾಗಿದ್ದ ಆ ತಗಡಿನ ನಾಲಗೆಯನ್ನು ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು.

"ನೀನು ಅವತ್ತು ಹೇಳಿದ್ದು ಇದನ್ನೇನಾ?"

"ಹೂಂ ಮಾವ."

"ಇನ್ನೊಂದು ಸಲ ಹೇಳಬಾರದಿತ್ತಾ?"

"ಹೇಳಿದೆ ಮಾವ. ನೀವು ತಲೆಯಾಡಿಸಿದ್ರಿ."

ಬೈದಿದ್ದರೆ ಚೆನ್ನಾಗಿತ್ತು, ನನಗೆ ಅಭ್ಯಾಸವಿತ್ತು. ಅವರು ಹೋಗಿ ಗಾಜಿನ ಚೂರು ಆರಿಸತೊಡಗಿದರು. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಗಾಡಿಯ ಮರೆಗೆ ಹೋಗಿ ಅತ್ತುಬಿಟ್ಟೆ.

ಹೊಸ ಪ್ಯಾಡು, ಹೊಸ ಡಿಸ್ಕ್ ಹಾಕಿಸಿಕೊಂಡು ಗಾಡಿ ಮನೆಗೆ ಬಂತು. ಮರುದಿನ ಬೆಳಿಗ್ಗೆ ಮಾವ ಎಂದಿನಂತೆ ಎಣ್ಣೆ, ನೀರು, ಟೈರಿನ ಗಾಳಿ ಎಲ್ಲ ನೋಡಿದರು. ಡ್ರೈವರ್ ಸೀಟನ್ನು ಬಟ್ಟೆಯಿಂದ ಒರೆಸಿದರು. ಒರೆಸಿ, ಬೀಗದ ಕೈಯನ್ನು ಅಲ್ಲೇ ಇಟ್ಟು, ಆ ಕಡೆಯಿಂದ ಸುತ್ತಿ ಹೋಗಿ ನನ್ನ ಜಾಗದಲ್ಲಿ ಕೂತರು. ನನಗೆ ಲೈಸೆನ್ಸ್ ಇದ್ದರೂ ಈ ಸ್ಟಿಯರಿಂಗ್ ಮುಟ್ಟಲು ಬಿಟ್ಟವರಲ್ಲ ಅವರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು, ನಗಲಿಲ್ಲ.

ಟ್ಯಾಂಕಿನವರೆಗೆ ಇಬ್ಬರೂ ಮಾತಾಡಲಿಲ್ಲ. ಬ್ರೇಕನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತ ನಾನು ಗಾಡಿ ಓಡಿಸಿದೆ. ಟ್ಯಾಂಕ್ ಬಂದಾಗ ಮಾವ ನನ್ನ ಕಡೆ ತಿರುಗಿ, "ಏನು ಕೇಳಿಸ್ತು?" ಅಂದರು. ಹಳೆಯ ಪ್ರಶ್ನೆಯೇ, ಆದರೆ ಉತ್ತರ ಈಗ ಅವರ ಹತ್ತಿರ ಇರಲಿಲ್ಲ.

"ಹಿಂದಿನ ಚಕ್ರದ ಬೇರಿಂಗ್ ಅನ್ಸುತ್ತೆ ಮಾವ. ಈಗ ಶುರುವಾಗಿದೆ."

ಅವರು ಕಣ್ಣು ಮುಚ್ಚಿ ಕಿವಿಗೊಟ್ಟರು. ತಲೆಯಾಡಿಸಿದರು.

ನಾನು ಗಾಡಿ ನಿಲ್ಲಿಸಿದೆ. ಅವರ ಎದುರಿಗೆ ತಿರುಗಿ ಕೂತು, ಗಟ್ಟಿಯಾಗಿ ಕೇಳಿದೆ. "ನಿಜವಾಗಿ ಕೇಳಿಸ್ತಾ ಮಾವ?"

ಅವರು ತಮ್ಮ ಅಂಗೈ ನೋಡಿಕೊಂಡರು. "ಇಲ್ಲ ಕಣಮ್ಮ. ಏನೂ ಕೇಳಿಸಲಿಲ್ಲ."

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಅಮ್ಮಾ ಅಂದದ್ದು ಅದೇ ಮೊದಲು. ಅವರೇ ಸಾವರಿಸಿಕೊಂಡು, "ಹೇಗೆ ಬರ್ತಿದೆ, ಮಾಡಿ ತೋರಿಸು" ಅಂದರು. ನಾನು ನಾಚಿಕೆ ಬಿಟ್ಟು ಅವರ ಕಿವಿಯ ಹತ್ತಿರ ಬಾಯಿಟ್ಟು, ಗುಂಯ್ಯ್ ಎಂದು ದಪ್ಪ ದನಿಯಲ್ಲಿ ಸದ್ದು ಮಾಡಿದೆ.

"ಬೇರಿಂಗೇ. ಒಣಗಿದೆ. ಎಡಕ್ಕೆ ತಿರುಗಿಸುವಾಗ ಜಾಸ್ತಿ ಆಗ್ತದಾ, ಬಲಕ್ಕಾ?"

"ನೋಡಲಿಲ್ಲ ಮಾವ."

"ಹಾಗಾದ್ರೆ ಟ್ಯಾಂಕ್ ಸುತ್ತಿ ಬಾ. ಯಾರೂ ಮಾತಾಡಬಾರದು."

ನಾನು ಕಣ್ಣೊರೆಸಿಕೊಂಡು ಗೇರು ಹಾಕಿದೆ. ಎಡ ತಿರುವಿನಲ್ಲಿ ಸದ್ದು ಜಾಸ್ತಿಯಾಯಿತು. ಮಾವ ರಸ್ತೆ ನೋಡುವುದು ಬಿಟ್ಟು, ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದರು.