ಕಾಕಾನ ಮೋಟಾರು ಗಡಿ ದಾಟಿದ್ದು

ಹೊಸ ಕೊಡೆಯನ್ನು ಮಳೆಯಲ್ಲಿ ಬಿಚ್ಚಿದರೆ ಅದು ನೆನೆದೀತೆಂದು ಕಂಕುಳಲ್ಲಿ ಅವುಚಿಕೊಂಡು, ತಾವು ಮಾತ್ರ ತೊಪ್ಪನೆ ತೊಯ್ದು ಮನೆ ಸೇರುವ ಮಹನೀಯರನ್ನು ನೀವೂ ಕಂಡಿರಬಹುದು. ಅವರನ್ನು ನೋಡಿ ನಗುವ ಅಧಿಕಾರ ನನಗಿಲ್ಲ. ನಾನು ಹುಟ್ಟಿದ್ದೇ ಆ ಗೋತ್ರದಲ್ಲಿ. ಹೊಸ ಕುರ್ಚಿ ಬಂದರೆ ಅದರ ಮುಂದೆ ಚಾಪೆ ಹಾಸಿಕೊಂಡು ಕೂತು, ಕುರ್ಚಿಯ ದರ್ಶನ ಪಡೆಯುವ ಮನೆತನ ನಮ್ಮದು. ಇಂಥ ಮನೆತನದ ಕುಡಿಯಾದ ನನ್ನ ಕಾಕಾ, ಬೆಳಗಾವಿಯ ಕೋರ್ಟಿನಲ್ಲಿ ವಕೀಲಿ ಮಾಡಿ ಹೆಸರು ಗಳಿಸಿದ ವೆಂಕಟರಾಯರು, ಕುರ್ಚಿಯಲ್ಲ, ಕೊಡೆಯಲ್ಲ, ಮುಂಬಯಿಯಿಂದ ಒಂದು ಮೋಟಾರನ್ನೇ ತರಿಸಿದಾಗ ಅದರ ಗತಿ ಏನಾಗಿರಬೇಡ!

ಇದು ಇಪ್ಪತ್ತರ ದಶಕದ ಮಾತು. ಮೋಟಾರು ಬಂತೆಂದರೆ ಟಾಂಗಾದ ಕುದುರೆಗಳು ಬೆದರುತ್ತಿದ್ದ, ಜನ ಅಂಗಡಿ ಬಿಟ್ಟು ಬೀದಿಗೆ ಬರುತ್ತಿದ್ದ ಕಾಲ. ಆದರೆ ಕಾಕಾನ ಮೋಟಾರನ್ನು ಕಂಡು ಬೆದರುವ ಭಾಗ್ಯ ಬೆಳಗಾವಿಯ ಕುದುರೆಗಳಿಗೆ ಅಷ್ಟಾಗಿ ಒದಗಲಿಲ್ಲ. ಬೆಳಿಗ್ಗೆ ದೇವರಿಗಿಂತ ಮೊದಲು ಅದಕ್ಕೆ ಅಭಿಷೇಕವಾಗುತ್ತಿತ್ತು. ಆಮೇಲೆ ಕಾಕಾ, ಹಾದಿಯಲ್ಲಿ ಧೂಳು ಬಹಳವೆಂದು, ಕೋರ್ಟಿಗೆ ನಡೆದೇ ಹೋಗುತ್ತಿದ್ದರು. ಹಬ್ಬಹರಿದಿನಕ್ಕೆ ಕೋಟೆಯ ಕೆರೆಯವರೆಗೆ ಒಂದು ಸವಾರಿ. ಅದಕ್ಕೂ ಅವರ ಹೆಂಡತಿ, ನಮ್ಮ ಕಾಕು, ಕಾಲು ತೊಳೆದು, ಒರೆಸಿ, ಸೀಟಿನ ಮೇಲೆ ಹಾಸಿದ ಚಾದರದ ಮೇಲೆ ಮಡಿಯಿಂದ ಕೂರಬೇಕು.

ಉಮಾ ಕಾಕು ಗೋವೆಯವರು. ಆಗ ಗೋವೆಯೆಂದರೆ ಪೋರ್ಚುಗೀಜರ ಆಳ್ವಿಕೆಯ ಪರದೇಶ. ಅವರ ತಂದೆ ತೀರಿಕೊಂಡ ಮೇಲೆ ಹೊಳೆದಂಡೆಯ ಮನೆ ಒಬ್ಬಳೇ ಮಗಳಾದ ಅವರ ಪಾಲಿಗೆ ಬಂದಿತ್ತು. ಮದುವೆ ಬೆಳಗಾವಿಯಲ್ಲೇ ಆದದ್ದರಿಂದ, ತವರಿಗೆ ಕರೆದೊಯ್ಯಲು ತಂದೆಯೇ ಬರುತ್ತಿದ್ದುದರಿಂದ, ಕೋರ್ಟಿಗೆ ರಜೆಯಿದ್ದರೂ ತಮಗಿಲ್ಲವೆಂದು ಕಾಕಾ ನಂಬಿದ್ದರಿಂದ, ಅವರು ಮಾವನ ಮನೆಯ ಹೊಸ್ತಿಲನ್ನು ಒಮ್ಮೆಯೂ ತುಳಿದಿರಲಿಲ್ಲ. ಅವರ ವಿದೇಶಯಾತ್ರೆಯೆಲ್ಲ ಬೆಳಗಾವಿಗೆ ಅಂಟಿಕೊಂಡಿದ್ದರೂ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದ ಪೇಟೆಗೆ ಸೀರೆ ತರಲು ಹೋಗಿಬರುವಲ್ಲಿಗೆ ಮುಗಿಯುತ್ತಿತ್ತು.

ಕಾಕಾ ವಕೀಲಿಯಿಂದ ನಿವೃತ್ತರಾದ ದಿನ ಕಾಕು ಅಡುಗೆಮನೆಯಿಂದ ಹೊರಗೆ ಬಂದು ಹೇಳಿದರು: “ಇಷ್ಟು ವರ್ಷ ನಿಮ್ಮ ಕೋರ್ಟು ನೋಡೇನ್ರಿ. ಇನ್ನ ನನ್ನ ಹೊಳಿ ನೋಡಕೋತ ಇರತೀನಿ.”

ಕಾಕಾ ಅಂಗಳದಲ್ಲಿ ನಿಂತ ಮೋಟಾರನ್ನು ಒಮ್ಮೆ ನೋಡಿ ಷರತ್ತು ಹಾಕಿದರು: “ಮೋಟಾರು ಬಂದ್ರ ನಾ ಬರತೀನಿ.”

ಕಾಕು ಸೆರಗಿಗೆ ಕೈ ಒರೆಸಿಕೊಂಡು, “ಬರಲಿ ಬಿಡ್ರಿ. ಅದೇನು ಪಾಪ ಮಾಡೇದ?” ಎಂದರು.

ನಾನಾಗ ಖಾನಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮೋಟಾರು ನಿಂತರೆ ನೂಕಲು ರಕ್ತಸಂಬಂಧಿಯೇ ಇರಲೆಂದು ಕಾಕಾ ನನ್ನನ್ನೂ ಹತ್ತಿಸಿಕೊಂಡರು. ಗುಂಜಿಯ ಕಾಡು ದಾಟಿ ಗಡಿಯಲ್ಲಿ ಪೋರ್ಚುಗೀಜರ ಸುಂಕದ ನಾಕಾ ಮುಟ್ಟಿದಾಗ ಮಧ್ಯಾಹ್ನ. ಪೊದೆಮೀಸೆಯ ಅಧಿಕಾರಿಯೊಬ್ಬ ಹೊರಬಂದು ಗಾಡಿಯನ್ನು ಪ್ರದಕ್ಷಿಣೆ ಹಾಕಿದ. ಚಾದರವೆತ್ತಿ ಸೀಟಿನ ಚರ್ಮ ಮುಟ್ಟಿ ನೋಡಿದ. ಕೊಂಕಣಿಯಲ್ಲಿ ಏನೋ ಕೇಳಿದ. ನಮ್ಮ ಮನೆಯಲ್ಲಿ ಕೊಂಕಣಿ ಸವೆದು ಸವೆದು ಮೀನಿನ ಹೆಸರುಗಳಷ್ಟೇ ಉಳಿದಿದ್ದುದರಿಂದ ಕಾಕುವೇ ದುಭಾಷಿ.

“ಮೋಟಾರು ಹೊಸಾದಂತ. ಮಾರಲಿಕ್ಕೆ ತಂದೀರೇನು ಅಂತ ಕೇಳಲಿಕ್ಕತ್ತಾನ.”

ಕಾಕಾನ ಮುಖ ತಾವರೆಯಂತೆ ಅರಳಿತು. “ಹೊಸಾದು ಅಂದನ? ನಾಕು ವರ್ಷ ಆಗೇದ ಅಂತ ಹೇಳು. ನೋಡೂಣು, ಏನಂತಾನ.”

ಅವನು ನಂಬಲಿಲ್ಲ. ನೆಲೆಸಲು ಬರುವವರು ತಾವು ಬಳಸಿದ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಇದು ಬಳಸಿದ್ದಲ್ಲ, ಅಂಗಡಿಯ ಸರಕು, ಸುಂಕ ಕಟ್ಟಿ ಎಂದ. ಕಟ್ಟುವ ಶಕ್ತಿ ಕಾಕಾಗೆ ಇತ್ತು. ಆದರೆ ಹಾಗೆ ಕಟ್ಟುವುದೆಂದರೆ ಸೋತ ಹಾಗೆ, ಮತ್ತು ವಕೀಲರಾದವರು ತಮ್ಮ ಸ್ವಂತ ಕೇಸನ್ನು ಸೋಲುವುದುಂಟೆ? ಇಂಗ್ಲಿಷಿನಲ್ಲಿ ವಾದಿಸಿದರು, ಮರಾಠಿಯಲ್ಲಿ ವಾದಿಸಿದರು. ಆದರೆ ಮೋಟಾರು ಹಳೆಯದೆಂದು ಸಾಧಿಸಬೇಕಾದ ಆ ವಾದದಲ್ಲಿ, ಪ್ರತಿ ಸಲವೂ ಅದರ ಹೊಳಪನ್ನು ಹೊಗಳದೆ ಇರಲು ಅವರಿಂದಾಗಲಿಲ್ಲ. ಅಧಿಕಾರಿ ಆಕಳಿಸಿ ಒಳಗೆ ಹೋದ. ನಾವು ಗಾಡಿ ತಿರುಗಿಸಿದೆವು.

ಗುಂಜಿ ದಾಟುವಾಗ ಕಾಕು ಸೀಟಿನ ಚಾದರವನ್ನು ಎಳೆದು ಮಡಚಿಟ್ಟರು. ಆಮೇಲೆ ಒಂದೇ ಮಾತು: “ಬಳಸಿದ್ದು ಬೇಕಂತ. ಬಳಸೂಣು.”

ಬೆಳಗಾವಿಯ ಮನೆ ಖಾಲಿ ಮಾಡಿಯಾಗಿತ್ತು. ಇಬ್ಬರೂ ಖಾನಾಪುರದ ನನ್ನ ಬಾಡಿಗೆ ಮನೆಯಲ್ಲೇ ಉಳಿದರು. ಮರುದಿನವೇ ಕಾಕು ಓಣಿಗೆಲ್ಲ ಸಾರಿದರು: ಬೆಳಗಾವಿಗೆ ಹೋಗುವವರು ಹತ್ತಬಹುದು. ಮೊದಲು ಬಂದವನು ಕುಂಬಾರ ಪರಶುರಾಮ, ಒಂದು ರಾಶಿ ಮಡಕೆಗಳೊಂದಿಗೆ. ಖಾನಾಪುರದ ಕೆಮ್ಮಣ್ಣು ಮೋಟಾರಿನ ಕಪ್ಪು ಬಣ್ಣದ ಮೇಲೆ ಮೊದಲ ಗೆರೆ ಎಳೆದಾಗ ಕಾಕಾ, ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ, ಬಾಗಿಲಿನ ಮೇಲೆ ಕೈಯಿಟ್ಟು ನಿಂತರು. ಪರಶುರಾಮನ ಹಿಂದೆ ಅಕ್ಕಿ ಚೀಲಗಳು ಬಂದವು, ಒಂದು ಮದುವೆಯ ಮದುಮಕ್ಕಳು ಬಂದರು, ಅವರಿಗಿಂತ ಗಂಭೀರವಾಗಿ ಕೂತ ಒಂದು ಆಡೂ ಬಂತು. ದಿನವೂ ಸಂಜೆ ಕಾಕಾ ಗಾಡಿ ತೊಳೆಯಲು ನೀರು ಹಿಡಿದು ಹೊರಟರೆ, ಕಾಕು ಆ ಕೊಡವನ್ನು ಕಸಿದು ತುಳಸಿಗೆ ಹಾಕುತ್ತಿದ್ದರು.

ಮಳೆಗಾಲ ಹಿಡಿಯಿತು. ಒಂದು ಮಧ್ಯಾಹ್ನ ಪಕ್ಕದ ಮನೆಯ ಗಂಗವ್ವ ಬಾಗಿಲಿಗೆ ಬಂದು ನಿಂತಳು. ಮಗಳಿಗೆ ಬೆಳಗಿನಿಂದ ಬೇನೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಬೆಳಗಾವಿಯ ದವಾಖಾನೆಗೆ ಎತ್ತಿನ ಚಕ್ಕಡಿಯಲ್ಲಿ ಮುಟ್ಟುವುದೆಂದರೆ ರಾತ್ರಿಯಾದೀತು. ಕಾಕು ಬಾಯಿ ತೆರೆಯುವ ಮೊದಲೇ ಕಾಕಾ ಅಂಗಳದಲ್ಲಿದ್ದರು. ನಾವು ಹುಡುಗಿಯನ್ನು ಎತ್ತಿ ಮಲಗಿಸುವಾಗ ಗಂಗವ್ವ ಆ ಸಂಕಟದಲ್ಲೂ ಹಿಂಜರಿದಳು: “ರಾಯರ, ಗಾದಿ ಹೊಲಸಾಗತೈತ್ರೀ.”

“ಗಾದಿ ಹಾಳಾಗಿ ಹೋಗಲಿ! ಸುಮ್ಮ ಕುಂದರವಾ, ಅಕಿ ತಲಿ ಹಿಡಿ!” ಎಂದು ಕಾಕಾ ಗುಡುಗಿದರು. ಕೋರ್ಟಿನಲ್ಲೂ ಆ ದನಿಯನ್ನು ಯಾರೂ ಕೇಳಿರಲಿಲ್ಲ.

ಕೆಸರಿನಲ್ಲಿ, ಹಳ್ಳಗಳಲ್ಲಿ, ಒಂದೆರಡು ಬೇಲಿಗಳನ್ನೂ ಸವರಿಕೊಂಡು ಅವರು ಓಡಿಸಿದ ಓಟವನ್ನು ನೆನೆದರೆ ಈಗಲೂ ನನ್ನ ಕೈ ಹಿಡಿಕೆ ಹುಡುಕುತ್ತದೆ. ದವಾಖಾನೆಯಲ್ಲಿ ಗಂಡು ಮಗು ಹುಟ್ಟಿತು, ತಾಯಿ ಉಳಿದಳು. ಸೀಟಿನ ಕಲೆಯೂ ಉಳಿಯಿತು. ಅದನ್ನು ತಿಕ್ಕಲು ನಾನು ಹೋದಾಗ ಕಾಕಾ, “ಇರಲಿ ಬಿಡೋ,” ಎಂದು ಒಳಗೆ ಹೋಗಿ ಚಹಾ ಕೇಳಿದರು. ಅಂದಿನಿಂದ ಅವರು ತಾವಾಗಿಯೇ ಜನರನ್ನು ಕೂಗಿ ಹತ್ತಿಸಿಕೊಳ್ಳತೊಡಗಿದರು. ವಸ್ತುವೊಂದು ನಮ್ಮದಾಗುವುದು ಕೊಂಡ ದಿನವಲ್ಲ, ಅದು ಕೆಟ್ಟೀತೆಂಬ ಭಯ ಬಿಟ್ಟುಹೋದ ದಿನ ಎಂದು ನಾನು ಕಂಡುಕೊಂಡದ್ದು ಆಗ. ಹಾಗೆ ಕಂಡುಕೊಂಡೂ ನನ್ನ ಹೊಸ ಕೋಟನ್ನು ಪೆಟ್ಟಿಗೆಯಲ್ಲೇ ಇಟ್ಟೆನೆಂಬುದು ಬೇರೆ ಮಾತು.

ಮಳೆ ನಿಂತ ಮೇಲೆ ಮತ್ತೆ ಗಡಿಗೆ ಹೋದೆವು. ಅದೇ ಪೊದೆಮೀಸೆಯ ಅಧಿಕಾರಿ. ಗಾಡಿಯ ಗುರುತು ಅವನಿಗೆ ಹತ್ತಲಿಲ್ಲ. ಹರಿದ ಮೇಲ್ಹೊದಿಕೆ, ಚಕ್ರದ ಮೇಲಿನ ನೆಗ್ಗಿದ ರೆಕ್ಕೆ, ಸೀಟಿಗಂಟಿದ ಕೋಳಿಪುಕ್ಕ, ಎಲ್ಲವನ್ನೂ ಕರುಣೆಯಿಂದ ನೋಡಿದ.

“ಇದು ಖರೇನ ಓಡತದೇನು ಅಂತ ಕೇಳಲಿಕ್ಕತ್ತಾನ,” ಎಂದರು ಕಾಕು.

ಕಾಕಾ ಕೆರಳಿ ಹಾರ್ನು ಹಿಂಡಿದರು. ನೆಗಡಿಯಾದ ಎಮ್ಮೆಯಂಥ ಸ್ವರ ಹೊರಟಿತು. ಅಧಿಕಾರಿ ಮತ್ತೇನೂ ಕೇಳದೆ ಅಡ್ಡಗೋಲು ಎತ್ತಿಸಿದ.

ಘಟ್ಟ ಇಳಿದೆವು. ತೆಂಗು, ಗದ್ದೆ, ಸಣ್ಣ ಸಣ್ಣ ದೇವಸ್ಥಾನಗಳನ್ನು ದಾಟಿದೆವು. ಒಂದು ತಿರುವಿನಲ್ಲಿ ಕಾಕು, “ಇಲ್ಲೇ ನಿಂದರಸ್ರಿ,” ಎಂದರು. ನಿಲ್ಲಿಸದೆ ಗತ್ಯಂತರವೂ ಇರಲಿಲ್ಲ. ರಸ್ತೆ ಅಲ್ಲಿಗೆ ಮುಗಿದು ಅಗಲವಾದ ಹೊಳೆ ಶುರುವಾಗಿತ್ತು. ಹೊಳೆಯ ನಡುವೆ ಒಂದು ನಡುಗಡ್ಡೆ, ಅದರ ದಂಡೆಯ ಮೇಲೆ ಕೆಂಪು ಹಂಚಿನ ಮನೆ. ಈಚೆ ದಡದಲ್ಲಿ ಇಬ್ಬರು ಮೂವರು ಕೂರಬಹುದಾದ ಒಂದು ದೋಣಿ.

“ಸೇತುವೆ ಎಲ್ಲದ?” ಎಂದರು ಕಾಕಾ.

“ಇಲ್ಲರಿ.”

“ಮತ್ತ ಮೋಟಾರು ಹೆಂಗ ಹೋಗತದ?”

“ಹೋಗೂದಿಲ್ಲ.”

ಕಾಕಾ ಹೊಳೆ ನೋಡಿದರು, ಮನೆ ನೋಡಿದರು, ಹೆಂಡತಿಯನ್ನು ನೋಡಿದರು. “ನಿನಗ ಮೊದಲ ಗೊತ್ತಿತ್ತು?”

“ನಾ ಹುಟ್ಟಿ ಬೆಳದ ಮನಿ. ನನಗ ಗೊತ್ತಿರೂದಿಲ್ಲೇನು? ಇಷ್ಟು ವರ್ಷದಾಗ ಒಮ್ಮೆರೆ ಬಂದಿದ್ರ ನಿಮಗೂ ಗೊತ್ತಿರತಿತ್ತು.” ಕಾಕುವಿನ ದನಿಯಲ್ಲಿ ಸಿಟ್ಟಿರಲಿಲ್ಲ. “ಮೋಟಾರು ಬರೂದಿಲ್ಲ ಅಂದಿದ್ರ ನೀವು ಬರತಿದ್ರೇನು?”

ಎದುರು ವಕೀಲರ ಬಾಯಿ ಮುಚ್ಚಿಸಿಯೇ ಹೆಸರಾದ ನನ್ನ ಕಾಕಾ ಮೋಟಾರಿನ ಬಾಗಿಲಿನ ಮೇಲೆ ಕೈಯಿಟ್ಟು ನಿಂತರು. ನಾನು ಅವರ ಮುಖ ನೋಡಲಾರದೆ ಸಾಮಾನು ಇಳಿಸತೊಡಗಿದೆ. ಆಮೇಲೆ ಅವರು ಗಾಡಿಯನ್ನು ದೋಣಿಯವನ ಮನೆಯ ಮಾವಿನ ಮರದ ಕೆಳಗೆ ನಿಲ್ಲಿಸಿದರು. ಮುಂದೆ ವರ್ಷಗಟ್ಟಲೆ ಅದರ ಠಾವು ಅದೇ ಆಯಿತು. ಸಂತೆಯ ದಿನ ಕಾಕಾ ಹೊಳೆ ದಾಟಿ ಬಂದು, ಮೀನಿನ ಬುಟ್ಟಿಯ ಹೆಂಗಸರನ್ನು ಪೇಟೆಗೆ ಬಿಟ್ಟು ಬರುತ್ತಿದ್ದರಂತೆ.

ಅಂದು ಮಾತ್ರ ಅವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಧೋತರ ಎತ್ತಿಕಟ್ಟಿ, ಒಂದೊಂದೇ ಹೆಜ್ಜೆಯಿಟ್ಟು ನೀರಿಗಿಳಿದರು. ಕಾಕು ಆಗಲೇ ದೋಣಿಯಲ್ಲಿದ್ದರು. ಕಾಕಾ ಕಾಲಿಟ್ಟೊಡನೆ ದೋಣಿ ಹೊಯ್ದಾಡಿತು; ಈಜು ಬಾರದ ಅವರು ದಡದಲ್ಲಿ ನಾನಿದ್ದೇನೆಂಬುದನ್ನೂ ಮರೆತು ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಹೆದರಬ್ಯಾಡ್ರಿ, ಕುಂದರ್ರಿ,” ಎಂದರು ಕಾಕು. ಅವರ ಕಣ್ಣು ಮಾತ್ರ ಆಚೆ ದಡದ ಮೇಲಿತ್ತು.