ಎಲ್ಲರೂ ಎರಡನೆಯದು ಅಂದರು

ಕೋಟು ಹೊಲಿಯುವ ಅಂಗಡಿಯಲ್ಲಿ ಆಕೆಯದು ದಾರದ ಕೆಲಸ. ಬಟ್ಟೆ ನೋಡಿ, ಅದಕ್ಕೆ ಒಪ್ಪುವ ದಾರದ ರೀಲನ್ನು ದೊಡ್ಡ ಡ್ರಾಯರಿನಿಂದ ಆರಿಸಿ ಕೊಡಬೇಕು. ಕಪ್ಪಿನಲ್ಲೇ ನಾಲ್ಕಾರು ಕಪ್ಪು, ಬೂದಿಯಲ್ಲಂತೂ ಲೆಕ್ಕವೇ ಇಲ್ಲ. ಸಂಜೆ ಮನೆ ಸೇರುವ ಹೊತ್ತಿಗೆ ಮೈ ಹಿಂಡಿ ಒಣಗಹಾಕಿದ ಬಟ್ಟೆಯಂತಾಗಿರುತ್ತಿತ್ತು.

ಅಂಥದ್ದೇ ಒಂದು ಸಂಜೆ, ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವ ಮಗಳು ಊಟದ ಮೇಜಿನ ಮೇಲೆ ಬೂದಿ ಬಣ್ಣದ ಬಟ್ಟೆ ಚೂರುಗಳನ್ನು ಹರಡಿದಳು. ಮೇಲೊಂದು, ಕೆಳಗೆ ಮೂರು.

"ಮೇಲಿನದಕ್ಕೆ ಯಾವುದು ಸರಿಹೋಗುತ್ತೆ, ಒಬ್ಬೊಬ್ಬರಾಗಿ ಹೇಳಿ. ಅಮ್ಮ, ನೀನು ಕೊನೇಲಿ."

"ಎರಡನೇದು," ಅಂದ ಗಂಡ. "ಎರಡನೇದೇ," ಅಂದ ಮೈದುನ, ಭಾರಿ ಗಂಭೀರವಾಗಿ. ಅತ್ತೆಯೂ ಕನ್ನಡಕ ಏರಿಸಿ ಅದನ್ನೇ ಅಂದರು.

ಆಕೆಯ ಕಣ್ಣಿಗೆ ಮಾತ್ರ ಮೊದಲನೆಯದೇ ಸರಿ ಕಾಣುತ್ತಿತ್ತು. ಎರಡನೆಯದರಲ್ಲಿ ನೀಲಿ ಬೆರೆತಿತ್ತು. ಮೂವರಿಗೂ ಕಾಣದ ನೀಲಿ ತನಗೊಬ್ಬಳಿಗೇ ಕಾಣುವುದೆಂದರೇನು? ವಾದ ಮಾಡಲು ತ್ರಾಣವಿರಲಿಲ್ಲ. "ಎರಡನೇದು," ಎಂದು ಕುರ್ಚಿಗೆ ಒರಗಿದಳು.

ಆಟ ಮುಗಿದ ಕೂಡಲೇ ನಿಜ ಹೇಳಿಬಿಡಬೇಕೆಂದು ಕಾಲೇಜಿನಲ್ಲಿ ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದರು. ಆದರೆ ಮಗಳು ಚೂರುಗಳನ್ನು ಎತ್ತಿಡುವಷ್ಟರಲ್ಲಿ ತಾಯಿ ಕೂತಲ್ಲೇ ನಿದ್ದೆಹೋಗಿದ್ದಳು. "ಎಬ್ಬಿಸಬೇಡ, ಪಾಪ," ಅಂದರು ಅತ್ತೆ. ಬೆಳಿಗ್ಗೆ ಮಗಳು ಏಳುವ ಮೊದಲೇ ಆಕೆ ಅಂಗಡಿಗೆ ಹೊರಟಾಗಿತ್ತು.

ಅಂಗಡಿಯಲ್ಲಿ ಕೈಯೇ ಓಡಲಿಲ್ಲ. ಒಂದು ರೀಲು ತೆಗೆಯುವುದು, ಮತ್ತೆ ಇಡುವುದು. ತಪ್ಪು ದಾರದಲ್ಲಿ ಹೊಲಿದ ಕೋಟು ಬಿಚ್ಚುವ ಪಾಡು ಆಕೆಗೆ ಗೊತ್ತಿತ್ತು. ಮಧ್ಯಾಹ್ನ ಮಾಲೀಕನ ಮುಂದೆ ಹೋಗಿ ನಿಂತಳು.

"ನನ್ನ ಕಣ್ಣು ಕೈಕೊಟ್ಟ ಹಾಗಿದೆ. ದಾರ ಬೇರೆಯವರಿಗೆ ಕೊಡಿ. ನಾನು ಗುಂಡಿ ಹಾಕ್ತೀನಿ."

ಗುಂಡಿ ಹಾಕುವವರು ಒಳಕೋಣೆಯ ಬಲ್ಬಿನ ಕೆಳಗೆ ಕೂರಬೇಕು. ಅಲ್ಲಿ ಯಾರೂ ಹೆಚ್ಚು ದಿನ ನಿಂತದ್ದಿಲ್ಲ.

ಸಂಜೆ ಬಾಗಿಲಲ್ಲೇ ಮಗಳು ಹೇಳಿದಳು, "ಅಮ್ಮ, ನಿನ್ನೆ ಅಪ್ಪ, ಚಿಕ್ಕಪ್ಪ ಬೇಕಂತಲೇ ತಪ್ಪು ಹೇಳಿದ್ದು. ಸುತ್ತ ಇರೋರೆಲ್ಲ ಒಂದೇ ಮಾತು ಹೇಳಿದರೆ ನಾವೂ ಅದನ್ನೇ ಹೇಳ್ತೀವಾ ಅಂತ ನೋಡೋ ಪಾಠ ಅದು."

ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. "ನಾನು ಡ್ರಾಯರು ಬಿಟ್ಟುಕೊಟ್ಟು ಬಂದೆ ಕಣೇ."

ಆಮೇಲೆ ಅತ್ತೆಯ ಕಡೆ ತಿರುಗಿದಳು, "ನೀವೂನಾ ಅತ್ತೆ?"

"ನಂಗ್ಯಾರೂ ಏನೂ ಹೇಳಿಕೊಡಲಿಲ್ಲಮ್ಮ. ನಂಗೆ ಮೂರೂ ಒಂದೇ ಥರ ಕಂಡವು. ಮಗ ಅಂದಿದ್ದನ್ನೇ ಅಂದೆ."

ಮೈದುನ ನಗು ತಡೆಯಲಾರದೆ ಒಳಗೆ ಹೋದ. ಆಕೆಗೆ ನಗುವುದಕ್ಕೂ ಆಯಾಸ.

ಮರುದಿನ ಮಗಳೂ ಅಂಗಡಿಗೆ ಬಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾಲೀಕ ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡ.

"ಕಣ್ಣು ಸರಿಯಿದೆ, ಒಪ್ಪಿದೆ. ಆದರೆ ಮೂರು ಜನ ಅಂದ್ರು ಅಂತ ಬೂದಿಗೆ ನೀಲಿ ಕೊಡೋರನ್ನ ನಾನು ಹೇಗೆ ನಂಬಲಿ?"

ಮಗಳು ಬಾಯಿ ತೆರೆದಳು. ತಾಯಿ ಅವಳ ತೋಳು ಹಿಡಿದು ತಡೆದಳು.

"ಮನೇಲಿ ಹೂಂ ಅಂದ್ರೆ ಬೇಗ ಮಲಗಬಹುದು. ಇಲ್ಲಿ ಹೂಂ ಅಂದ್ರೆ ಕೋಟು ಬಿಚ್ಚಬೇಕು. ಅನುಮಾನ ಬಂದಾಗ ಯಾವುದೋ ಒಂದು ದಾರ ಕೊಟ್ಟು ಸುಮ್ಮನೆ ಕೂತೆನಾ ನಾನು? ನಿಮ್ಮ ಹತ್ರ ಬಂದು ಹೇಳಲಿಲ್ವಾ?"

ಮಾಲೀಕ ಟೇಪು ಸುತ್ತುವುದನ್ನು ನಿಲ್ಲಿಸಿದ. ಆಮೇಲೆ ಡ್ರಾಯರಿನ ಬೀಗದ ಕೈಯನ್ನು ಆಕೆಯ ಕಡೆ ತಳ್ಳಿದ.

ಮಗಳು ಇನ್ನೂ ನಿಂತೇ ಇದ್ದಳು.

"ಹೋಗು, ಕಾಲೇಜಿಗೆ ಹೊತ್ತಾಯ್ತು," ಅಂದಳು ತಾಯಿ. "ಮುಂದಿನ ಪಾಠ ನಿನ್ನ ಚಿಕ್ಕಪ್ಪನ ಮೇಲೆ ಮಾಡು. ಅವನಿಗೆ ಬಿಡುವಿದೆ."