ಶಾಂತಪ್ಪ ಮಾಡಿದ ಬಾಸಿಂಗ

೧೯೬೬ರಲ್ಲಿ ನಾನು ಸಾಗರದಲ್ಲಿ ಸರ್ಕಾರಿ ವೈದ್ಯನಾಗಿದ್ದೆ. ತೀರ್ಥಹಳ್ಳಿಯಿಂದ ವರ್ಗವಾಗಿ ಬಂದು ಆಗಷ್ಟೇ ವರ್ಷ ತುಂಬಿತ್ತು. ಜ್ವರ, ಹೆರಿಗೆ, ಹಾವು ಕಚ್ಚಿದ್ದು ಎಲ್ಲಕ್ಕೂ ಜನ ಬರುತ್ತಿದ್ದರು. ತಲೆ ಕೆಟ್ಟಿದೆ ಎನಿಸಿಕೊಂಡವರನ್ನು ಮಾತ್ರ ಮಂತ್ರ, ತಾಯಿತ, ಹರಕೆ ಎಲ್ಲ ಮುಗಿದು ಮನೆಯವರು ಸೋತು ಸುಣ್ಣವಾದ ಮೇಲೆ ಕರೆತರುತ್ತಿದ್ದರು. ಆಗೆಲ್ಲ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಕಡಿಮೆಯಾಗಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ.

ಶಾಂತಪ್ಪನನ್ನು ಕರೆತಂದವರು ಅವನ ಅಣ್ಣ ವೆಂಕಟಪ್ಪ. ಅವರು ಗುಡಿಗಾರರು, ಮರದ ಕೆತ್ತನೆಯೂ, ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ, ನೀರುಗಿಡದ ಹಗುರ ಬೆಂಡಿನ ಬಾಸಿಂಗವೂ ಅವರ ಕಸುಬು. ಮೂವತ್ತು ದಾಟಿದ್ದ ಶಾಂತಪ್ಪನಿಗೆ ಎರಡು ವರ್ಷದಿಂದ ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತಿತ್ತು. ಅನ್ನದಲ್ಲಿ ವಿಷ ಹಾಕಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದ. ವೈದ್ಯರು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆ ಇದು. ಕ್ಲೋರ್‌ಪ್ರೊಮಜಿನ್ ಮಾತ್ರೆ ಶುರುಮಾಡಿದೆ. ಒಂದೆರಡು ತಿಂಗಳಲ್ಲಿ ದನಿಗಳು ತಗ್ಗಿದವು, ಆದರೆ ಮನುಷ್ಯ ಏಳಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಕೂತರೆ ಕೂತದ್ದೇ. ಹೆಂಡತಿ ಪಾರ್ವತಿ ಲೋಟವನ್ನು ಕೈಗೆ ಹಿಡಿಸಿದರೆ ಕುಡಿಯುತ್ತಿದ್ದ, ಇಲ್ಲದಿದ್ದರೆ ಅದೂ ಇಲ್ಲ.

“ದೀಪಾವಳಿ ಕಳೀಲಿ ಡಾಕ್ಟ್ರೆ, ದೊಡ್ಡಾಸ್ಪತ್ರೇಲಿ ಬಿಟ್ಟು ಬರ್ತೀನಿ” ಎಂದರು ವೆಂಕಟಪ್ಪ. ದೊಡ್ಡಾಸ್ಪತ್ರೆ ಎಂದರೆ ಹುಚ್ಚಾಸ್ಪತ್ರೆ. ಅಲ್ಲಿಗೆ ಬಿಟ್ಟುಬಂದ ಎಷ್ಟೋ ಜನರನ್ನು ಮನೆಯವರು ತಿರುಗಿ ಕರೆತರಲು ಹೋಗುತ್ತಲೇ ಇರಲಿಲ್ಲ. ಪಾರ್ವತಿಗೂ ಅದು ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು.

ಅಲ್ಲಿಯವರೆಗೆ ಒಂದು ಪ್ರಯತ್ನ ಮಾಡಲು ಅವಕಾಶ ಕೇಳಿದೆ. ಆಕ್ಯುಪೇಷನಲ್ ಥೆರಪಿ ಎಂದು ಒಂದು ಚಿಕಿತ್ಸೆ ಇದೆ. ರೋಗಿಯ ಕೈಲಾಗುವ ಸಣ್ಣ ಕೆಲಸದಿಂದ ಆರಂಭಿಸಿ, ಔಷಧದ ಹಾಗೆ ಅಳತೆ ನೋಡಿ ಏರಿಸುತ್ತ ಹೋಗುವುದು. ನನಗೆ ಅದರಲ್ಲಿ ತರಬೇತಿ ಇರಲಿಲ್ಲ, ಓದಿ ತಿಳಿದಿದ್ದೆ ಅಷ್ಟೆ.

“ಉಳಿ ಕೊಡು ಅಂತೀರಾ? ಇವನ ಕೈಗೆ?” ವೆಂಕಟಪ್ಪ ಹೌಹಾರಿದರು.

ಉಳಿ ಬೇಡ, ಮರ ಉಜ್ಜಲಿ ಎಂದೆ. ಅವರು ಒಂದಷ್ಟು ಮರದ ತುಂಡು, ಮರಳುಕಾಗದ ಕೊಟ್ಟರು. ಮೊದಲ ದಿನ ಶಾಂತಪ್ಪ ಅದನ್ನು ಮುಟ್ಟಿ ಇಟ್ಟ. ಆಮೇಲೆ ಸ್ವಲ್ಪ ಹೊತ್ತು ಉಜ್ಜಿದ. ಮೂರನೇ ವಾರದ ಹೊತ್ತಿಗೆ ತಾನಾಗಿ ಮುಖ ತೊಳೆದು ಬಂದು ಕೂರುತ್ತಿದ್ದ. ನಾನು ಒಳಗೊಳಗೇ ಬೀಗಿದೆ.

ಒಂದು ಬೆಳಿಗ್ಗೆ ಪಾರ್ವತಿ ಆಸ್ಪತ್ರೆಗೆ ಓಡಿಬಂದಳು. “ಮಾತ್ರೆ ಉಗಿದ್ಬಿಟ್ರು ಡಾಕ್ಟ್ರೆ. ಕೆಲಸಾನೂ ಬೇಡ, ಊಟಾನೂ ಬೇಡ ಅಂತಾರೆ.”

ಹೋಗಿ ನೋಡಿದರೆ ಶಾಂತಪ್ಪ ಮತ್ತೆ ಕಂಬದ ಬುಡದಲ್ಲಿದ್ದ. ಏನಾಯಿತು ಎಂದು ಮತ್ತೆ ಮತ್ತೆ ಕೇಳಿದೆ. ಕೊನೆಗೆ ತಲೆ ಎತ್ತದೆ, “ಬಚ್ಚಲೊಲೆ ನೋಡಿ” ಎಂದ.

ನೋಡಿದೆ. ಅವನು ನುಣ್ಣಗೆ ಉಜ್ಜಿಟ್ಟ ತುಂಡುಗಳು ಅರ್ಧ ಉರಿದು ಬಿದ್ದಿದ್ದವು. ವೆಂಕಟಪ್ಪ ಸೌದೆ ರಾಶಿಯಿಂದ ತುಂಡು ಆರಿಸಿ ಕೊಡುತ್ತಿದ್ದರು, ಸಂಜೆ ಅದನ್ನೇ ಒಲೆಗೆ ಹಾಕುತ್ತಿದ್ದರು.

“ಸುಮ್ನೆ ಕೂರೋ ಬದ್ಲು ಏನೋ ಉಜ್ಕೊಂಡಿರ್ಲಿ ಅಂತ ಕೊಟ್ಟೆ. ಒಳ್ಳೆ ಮರ ಹಾಳಾದ್ರೆ ಏನ್ ಮಾಡ್ಲಿ?” ಎಂದರು.

ಅವರು ಕೆಟ್ಟವರಲ್ಲ, ಎರಡು ವರ್ಷ ತಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವರು. ಆದರೂ ಕೇರಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. ಕೂಗಾಡುವಾಗಲೇ ಒಂದು ಸಂಗತಿ ಹೊಳೆದು ನನ್ನ ದನಿ ಇಳಿಯಿತು. ಶಾಂತಪ್ಪ ಹೇಳಿದ್ದು ಕಾಯಿಲೆಯ ಮಾತಾಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಅವಮಾನವಾಗಿ ಮುನಿಸಿಕೊಂಡಿದ್ದ, ನೀವು ನಾವು ಮುನಿಸಿಕೊಳ್ಳುವ ಹಾಗೆಯೇ.

“ನಿಜವಾದ ಕೆಲಸ ಕೊಡಿ” ಎಂದೆ. ಆಗ ಅವರ ಕೈಯಲ್ಲಿದ್ದ ಕೆಲಸ ಹೊಸನಗರದ ಕಡೆಯ ಒಂದು ಮದುವೆಯ ಬಾಸಿಂಗ.

“ಶುಭಕಾರ್ಯದ್ದು ಡಾಕ್ಟ್ರೆ! ಇವ್ನು ಮಾಡಿದ್ದು ಅಂತ ಗೊತ್ತಾದ್ರೆ ನಾಳೆಯಿಂದ ನಮ್ಮ ಬಾಗಿಲಿಗೆ ಯಾರು ಬರ್ತಾರೆ?” ತಮ್ಮ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾನೆ ಎಂದು ಗಿರಾಕಿಗಳಿಗೆಲ್ಲ ಅವರು ಹೇಳಿಕೊಂಡು ಬಂದಿದ್ದರು.

ಅದುವರೆಗೆ ನನ್ನೆದುರು ಭಾವನಿಗೆ ಎದುರಾಡದ ಪಾರ್ವತಿ ಮುಂದೆ ಬಂದಳು. “ಹಾಳಾದ್ರೆ ನಾನು ಕೂತು ಬೇರೆ ಮಾಡ್ಕೊಡ್ತೀನಿ ಭಾವ. ಅವರಿಗೆ ಕೊಡಿ.”

ಮಾತ್ರೆಯಿಂದ ಅವನ ಕೈ ಸಣ್ಣಗೆ ನಡುಗುತ್ತಿತ್ತು. ಪ್ರಮಾಣ ತುಸು ಇಳಿಸಿದೆ. ಬೆಂಡು ಕೊಯ್ಯುವ ಕತ್ತಿಯನ್ನು ವೆಂಕಟಪ್ಪ ಕೊಟ್ಟಾಗ ನನಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಇಬ್ಬರೂ ಅವನ ಪಕ್ಕದಲ್ಲೇ ಕೂತೆವು. ಮೊದಲು ಕೊಯ್ದ ಬೆಂಡಿನ ಹೂಗಳು ಸೊಟ್ಟಗಾದವು. ಶಾಂತಪ್ಪ ಅವನ್ನು ತಿರುಗಿಸಿ ನೋಡಿ, ತಾನೇ ಪಕ್ಕಕ್ಕೆ ಎಸೆದು, ಹೊಸ ಬೆಂಡು ತೆಗೆದುಕೊಂಡ. ನಾನು ಎದ್ದು ಆಸ್ಪತ್ರೆಗೆ ಹೋದೆ.

ಬಾಸಿಂಗ ಒಯ್ಯಲು ಮದುವೆ ಹುಡುಗಿಯ ತಂದೆ ಬಂದ ದಿನ ನೆಪ ಮಾಡಿಕೊಂಡು ನಾನೂ ಅಲ್ಲಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು, “ಇಷ್ಟು ತೆಳು ಹೂ ಕೊಯ್ದದ್ದು ಯಾರು ಮಾರಾಯ್ರೆ?” ಎಂದು ಕೇಳಿದರು.

ವೆಂಕಟಪ್ಪ ನನ್ನ ಮುಖ ನೋಡಿದರು. ಪಾರ್ವತಿ ಒಳಬಾಗಿಲಲ್ಲಿ ನಿಂತಿದ್ದಳು.

“ನನ್ನ ತಮ್ಮ” ಎಂದರು ವೆಂಕಟಪ್ಪ. “ಶಿವಮೊಗ್ಗದಲ್ಲಿಲ್ಲ, ಮನೇಲೇ ಇದ್ದಾನೆ. ತಲೆ ಕೆಟ್ಟಿತ್ತು. ಈಗ ಹುಷಾರಾಗ್ತಿದಾನೆ. ಶಾಂತಾ, ಹೊರಗೆ ಬಾರೋ.”

ಬಂದವರು ಶಾಂತಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಕಿರಿ ಮಗಳದ್ದು ವೈಶಾಖದಲ್ಲಿ ಮಾಡ್ಬೇಕು ಅಂತಿದೀವಿ. ಅದನ್ನೂ ನೀನೇ ಮಾಡ್ಬೇಕು” ಎಂದರು. ದೊಡ್ಡಾಸ್ಪತ್ರೆಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಕಾಯಿಲೆ ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಮಾತ್ರೆ ಮುಂದುವರಿಯಿತು, ಆಗೀಗ ದನಿಗಳೂ ಬಂದವು. ಆದರೆ ರೋಗಿಗೆ ಕೆಲಸ ಕೊಟ್ಟರೆ ಸಾಲದು, ಅದನ್ನು ಬೇಕೆಂದು ಕೇಳಿ ಒಯ್ಯುವವರೂ ಇರಬೇಕು ಎಂಬುದನ್ನು ನನಗೆ ಕಲಿಸಿದ್ದು ಆ ಮನೆ.

ವೈಶಾಖದಲ್ಲಿ ಒಮ್ಮೆ ಅವನನ್ನು ನೋಡಲು ಹೋದೆ. ಸುತ್ತ ಬೆಂಡಿನ ಚೂರು ಹರಡಿಕೊಂಡು ಕೂತಿದ್ದ ಶಾಂತಪ್ಪ ತಲೆ ಎತ್ತಿ, “ಬೇಜಾರು ಮಾಡ್ಕೋಬೇಡಿ ಡಾಕ್ಟ್ರೆ, ಇವತ್ತು ಪುರಸೊತ್ತಿಲ್ಲ. ಮದುವೆ ಸೀಸನ್ ಮುಗಿದ್ಮೇಲೆ ಬನ್ನಿ” ಎಂದ. ರೋಗಿಯೊಬ್ಬ ನನ್ನನ್ನು ಹೀಗೆ ಸಾಗಹಾಕಿದ್ದು ಅದೇ ಮೊದಲು. ಒಂದಿಷ್ಟೂ ಸಿಟ್ಟು ಬರಲಿಲ್ಲ.